ಹಿಂದಿನ ಮನೆಯ ಹೆಪ್ಪು

ಬೆಣ್ಣಿಹಳ್ಳ ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಕಟ್ಟಡಗಳಿಗಿಂತ ಅಡಿಗಲ್ಲುಗಳೇ ಹೆಚ್ಚು. ಹೊಸ ಕುಲಪತಿ ಬಂದರೆಂದರೆ ಮೊದಲು ಒಂದು ಕಲ್ಲು ನಿಲ್ಲಬೇಕು. ಮೇಲೆ ಮಂತ್ರಿಗಳ ಹೆಸರು, ನಡುವೆ ಶಾಸಕರದು, ಕೆಳಗೆ ಕುಲಪತಿಯದು. ಕೆಲವು ಕಲ್ಲುಗಳ ಹಿಂದೆ ಕಂಬಗಳೂ ಏಳುತ್ತಿದ್ದವು. ಅಷ್ಟರಲ್ಲಿ ಅವರ ಅವಧಿ ಮುಗಿದು ಇನ್ನೊಬ್ಬರು ಬರುತ್ತಿದ್ದರು. ಬಂದವರಿಗೆ ಹೋದವರ ಕಲ್ಲು ಕಣ್ಣೊಳಗಿನ ಕಸ. ಅವರದೇ ಒಂದು ಕಲ್ಲು ಬೇರೆ ಕಡೆ ಏಳುತ್ತಿತ್ತು. ಆಡು ಕಾಯುವವರು ಆ ಕಲ್ಲುಗಳಿಗೆ ಬೆನ್ನು ಕೊಟ್ಟು ಬುತ್ತಿ ಬಿಚ್ಚುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಅವುಗಳ ನೆರಳಿನಲ್ಲಿ ಓದುತ್ತಿದ್ದರು. ಅಷ್ಟರ ಮಟ್ಟಿಗೆ ಅವು ವಿದ್ಯೆಗೆ ನೆರವಾಗಿದ್ದವು.

ದಸರೆ ಕಳೆದ ಮೇಲೆ ಡಾಕ್ಟರ್ ಕಸ್ತೂರಿ ಆ ಗುಡ್ಡಕ್ಕೆ ಕುಲಪತಿಯಾಗಿ ಬಂದಳು. ಓದಿದ್ದು ಭೂಗರ್ಭಶಾಸ್ತ್ರ, ಓದಿದ್ದು ಇದೇ ಗುಡ್ಡದ ಮೇಲೆ. ಜೊತೆಗೆ ತಾಯಿ ಬಾಳವ್ವ. ಎಣ್ಣೆ ಹಚ್ಚಿ ಬಾಚಿದ ಬೆಳ್ಳಿಗೂದಲು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದು ಗಂಟು. ಬಂಗಲೆಯೊಳಗೆ ಕಾಲಿಟ್ಟವಳೇ ಹಾಲು ಉಕ್ಕಿಸಿದಳು. ಉಕ್ಕಿದ ಹಾಲು ಆರುತ್ತಿದ್ದಂತೆ ನೆನಪಾಯಿತು, ಮನೆಯಲ್ಲಿ ಹೆಪ್ಪಿಲ್ಲ.

ಬಾಳವ್ವನ ಊರ ಕಡೆ ಒಂದು ಪದ್ಧತಿ. ಹೊಸ ಮನೆಗೆ ಅಂಗಡಿಯ ಮೊಸರು ತಂದು ಹೆಪ್ಪು ಹಾಕುವಂತಿಲ್ಲ. ಆ ಮನೆಯಲ್ಲಿ ಮೊದಲು ಇದ್ದವರಿಗೆ ಬಟ್ಟಲ ತುಂಬ ಬೆಲ್ಲ ಕೊಟ್ಟು ಒಂದು ಚಮಚ ಹೆಪ್ಪು ಕೇಳಿ ತರಬೇಕು. ಅವರು ಎಲ್ಲೇ ಇರಲಿ, ಎಂಥವರೇ ಇರಲಿ.

ಕಾರುಗಳು ತಾವೇ ಓಡುವ ಕಾಲ ಬಂದಿದ್ದರೂ ಕುಲಪತಿಗೆ ಡ್ರೈವರ್ ಇರಬೇಕೆಂಬ ನಿಯಮ ಹೋಗಿರಲಿಲ್ಲ. ಮುದಕಪ್ಪ ಎಂಬ ಆ ಡ್ರೈವರ್ ಮುಂದಿನ ಸೀಟಿನಲ್ಲಿ ಕೂತು ಕಾರಿನೊಂದಿಗೆ ಮಾತಾಡುತ್ತಿದ್ದ. ಬಾಳವ್ವ ಹೋಗಬೇಕೆಂದ ಕಡೆ ಕೇಳಿ ಅವನ ಬಾಯಿ ತೆರೆದೇ ಉಳಿಯಿತು.

"ಅಮ್ಮಾರ, ಅಂಗಡಿ ಸಾಹೇಬ್ರ ಮನೀಗೆ? ಅವರು ನಿಮ್ಮ ಮಗಳ ಮ್ಯಾಲೆ ಕೋರ್ಟಿಗೆ ಹೋಗ್ಯಾರ್ರೀ. ನೇಮಕಾನ ತಪ್ಪು ಅಂತ."

"ಕೋರ್ಟಿನ್ಯಾಗ ಮೊಸರು ಕೊಡತಾರೇನ? ಇಲ್ಲಲ್ಲ. ನಡಿ."

ಹಿಂದಿನ ಕುಲಪತಿ ಚನ್ನವೀರಪ್ಪ ಅಂಗಡಿಯವರು ಗುಡ್ಡದ ಬುಡದಲ್ಲೇ ಸ್ವಂತ ಮನೆ ಕಟ್ಟಿಸಿಕೊಂಡಿದ್ದರು. ಬಾಗಿಲು ತೆರೆದದ್ದು ಅವರ ಹೆಂಡತಿ ಪ್ರಭಾವತಿ. ಬಂದವಳು ಯಾರೆಂದು ಗುರುತು ಹಿಡಿದಳು. ಆಮೇಲೆ ಬಾಳವ್ವನ ಕೈಯ ಬಟ್ಟಲು ನೋಡಿ ನಕ್ಕುಬಿಟ್ಟಳು.

"ಬಂಗ್ಲೇಕ ಹೋದಾಗ ನನಗೂ ಇದ ಗೋಳಾಗಿತ್ತು ನೋಡ್ರಿ. ನಾ ಕೇಳಾಕ ಹೋಗಲಿಲ್ಲ, ಇವರು ಬಿಡಲಿಲ್ಲ. ಪಾಕೀಟಿನ ಮೊಸರು ಹಾಕಿದ್ನಿ. ಎಷ್ಟು ದಿನ ಆದ್ರೂ ಲೋಳಿ ಲೋಳಿ."

"ಈಗ?"

"ಈಗ ತವರುಮನೀಂದ ತಂದದ್ದೈತಿ. ಗಟ್ಟಿ ಬೀಳತೈತಿ."

ಒಳಗಿನಿಂದ ಕೆಮ್ಮು ಕೇಳಿಸಿತು. "ಯಾರ ಅವರು?"

"ಹಾಲಿನವರು," ಎಂದಳು ಪ್ರಭಾವತಿ. ಹೆಪ್ಪು ಹಾಕಿದ ಬಟ್ಟಲನ್ನು ಬಾಳವ್ವನ ಕೈಗಿಟ್ಟು ಮೆಲ್ಲಗೆ, "ಬಟ್ಟಲ ತುಂಬ ಬೆಲ್ಲ ತಂದೀರಿ, ನನ್ನ ಮ್ಯಾಲೆ ಋಣ ಆತು. ಮತ್ತ ಬರ್ರಿ" ಎಂದಳು.

ಆ ವಾರವೇ ಕಸ್ತೂರಿ ತಾಯಿಯನ್ನು ಭೌತಶಾಸ್ತ್ರ ವಿಭಾಗಕ್ಕೆ ಕರೆದುಕೊಂಡು ಹೋದಳು. ಮಗಳು ಹಗಲೆಲ್ಲ ಏನು ನೋಡಿ ಮುಖ ಸಣ್ಣ ಮಾಡಿಕೊಂಡು ಬರುತ್ತಾಳೆಂದು ನೋಡುವ ಹಟ ಬಾಳವ್ವನದು.

ಅಲ್ಲಿ ಒಂದು ದೊಡ್ಡ ಕೋಣೆ. ಕೋಣೆಯ ನಡುವೆ ಎರಡು ಎತ್ತಿನ ಬಂಡಿಯಷ್ಟು ಅಗಲದ ಮೇಜು. ಮೇಜಿನ ತುಂಬ ಹಿಟ್ಟಿನಷ್ಟು ನುಣ್ಣನೆಯ ಬಿಳಿ ಮರಳು. ಅದನ್ನು ಕಟ್ಟಿದವರು ರಾಜೇಸಾಬ ನದಾಫ, ಭೌತಶಾಸ್ತ್ರದ ಪ್ರೊಫೆಸರ್.

"ನಮ್ಮಜ್ಜ ಹತ್ತಿ ಹಿಂಜತಿದ್ದಾ, ಅಮ್ಮಾರ. ನಾ ಮರಳ ಹಿಂಜತೇನಿ," ಎಂದು ಅವರು ಒಂದು ಗುಂಡಿ ಒತ್ತಿದರು.

ಮೇಜಿನ ತಳದಲ್ಲಿ ಕೂದಲೆಳೆಯಂಥ ಸೂಜಿಗಳಿದ್ದವು. ಅವು ನಡುಗಿದವು. ಆ ನಡುಕಕ್ಕೆ ಮರಳು ಎದ್ದು ಗುಡ್ಡವಾಯಿತು, ಗುಡ್ಡದ ಮೇಲೆ ಗ್ರಂಥಾಲಯವಾಯಿತು, ವಸತಿನಿಲಯವಾಯಿತು, ಬಸ್ಸಿನ ಹಾದಿಯಾಯಿತು. ಬಾಳವ್ವ ತಮ್ಮ ಬಂಗಲೆಯನ್ನೂ ಗುರುತಿಸಿದಳು. ಬೆರಳಿಟ್ಟು ನೋಡಬೇಕೆನಿಸಿತು, ಇಡಲಿಲ್ಲ.

ವಿಶ್ವವಿದ್ಯಾಲಯ ಹುಟ್ಟಿದ ದಿನದಿಂದ ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ನಡುವೆ ಬಿಟ್ಟರು, ಯಾವ ವರ್ಷ ಮಳೆ ಹೋಯಿತು, ಯಾರು ಏನು ಕಟ್ಟುತ್ತೇನೆಂದರು, ಏನು ಕಟ್ಟಿದರು, ಎಲ್ಲವನ್ನೂ ನದಾಫರು ಆ ಯಂತ್ರಕ್ಕೆ ಉಣಿಸಿದ್ದರು. ಹೊಸ ಕುಲಪತಿ ತನ್ನ ಯೋಜನೆಯನ್ನು ಅದರೊಳಗೆ ಹಾಕಬೇಕು. ಪಕ್ಕದ ಚಕ್ರ ತಿರುಗಿಸಿದರೆ ವರ್ಷಗಳು ಸರಿಯುತ್ತವೆ, ಮುಂದೆ ಗುಡ್ಡ ಹೇಗಿರುತ್ತದೆಂದು ಮರಳು ತೋರಿಸುತ್ತದೆ.

ಕಸ್ತೂರಿ ಚಕ್ರ ತಿರುಗಿಸಿದಳು. ಅವಳ ಕನಸಿನ ವಿಜ್ಞಾನ ಕೇಂದ್ರ ಮರಳಿನೊಳಗಿಂದ ಎದ್ದಿತು. ಸುತ್ತ ಪ್ರಯೋಗಾಲಯಗಳು ಎದ್ದವು. ಅವಳ ಅವಧಿ ಮುಗಿಯುವ ವರ್ಷ ಬಂತು. ಸುಯ್ ಎಂದು ಸದ್ದಾಯಿತು. ಎಲ್ಲ ಕುಸಿದು ಮೇಜು ಮಟ್ಟಸವಾಯಿತು, ಸಾರಿಸಿದ ಅಂಗಳದ ಹಾಗೆ.

"ಕೆಟ್ಟೈತೇನ?" ಬಾಳವ್ವ ಕೇಳಿದಳು.

"ಅಂಗಡಿ ಸಾಹೇಬ್ರೂ ಹಂಗ ಅಂದ್ರು. ಅವರ ಯೋಜನೆ ಹಾಕಿದಾಗೂ ಹಿಂಗ ಬಿತ್ತು. ಸಿಟ್ಟಾಗಿ ಕೋಣಿಗೆ ಕೀಲಿ ಹಾಕಿಸಿದ್ರು," ಎಂದರು ನದಾಫ. "ಕೆಟ್ಟಿಲ್ರಿ. ಇದಕ್ಕ ಮುಂದಿಂದು ಗೊತ್ತಿಲ್ಲ. ಹಿಂದ ನಡದದ್ದಷ್ಟ ಗೊತ್ತು. ನಮ್ಮ ಗುಡ್ಡದ ಚಾಳಿ ಏನು? ಬಂದವರು ಹೋದವರದನ್ನ ಕೆಡವತಾರ. ಒಬ್ಬರೂ ಇನ್ನೊಬ್ಬರದನ್ನ ಮುಗಿಸಿಲ್ಲ. ಹಂಗಾಗಿ ಯಾರ ಯೋಜನೆ ಹಾಕಿದ್ರೂ ಅವರ ಅವಧಿ ಮುಗದ ಕೂಡ್ಲೇ ಮರಳ ಕೆಡವತೈತಿ."

ಇಷ್ಟೇ ಆಗಿದ್ದರೆ ಮೇಜಿಗೊಂದು ಬಟ್ಟೆ ಹೊದಿಸಿ ಸುಮ್ಮನಿರಬಹುದಿತ್ತು. ಆದರೆ ಯುಗಾದಿ ಕಳೆದ ಮೇಲೆ ರಾಜಧಾನಿಯಿಂದ ಸಮಿತಿಯೊಂದು ಈ ಮೇಜನ್ನೇ ನೋಡಲು ಬರುವುದಿತ್ತು. ದೊಡ್ಡ ಊರಿನ ಪಾಠಗಳೆಲ್ಲ ಈಗ ಮನೆಮನೆಯ ಫಲಕಕ್ಕೆ, ಕೈಯಲ್ಲಿ ಹಿಡಿಯುವ ಗಾಜಿನ ಪರದೆಗೆ, ಬರುತ್ತವೆ, ಸಣ್ಣ ವಿಶ್ವವಿದ್ಯಾಲಯಗಳು ಯಾಕೆ ಬೇಕು ಎಂಬ ಪ್ರಶ್ನೆ ಎದ್ದಿತ್ತು. ಮುಂದಿನ ದಾರಿ ಕಾಣದ ವಿಶ್ವವಿದ್ಯಾಲಯಗಳನ್ನು ದೂರದ ದೊಡ್ಡದರೊಳಗೆ ಸೇರಿಸಿ ಬಾಗಿಲು ಮುಚ್ಚುವುದೆಂದು ತೀರ್ಮಾನವಾಗಿತ್ತು. ಮರಳು ಅವರ ಮುಂದೆಯೂ ಹೀಗೆಯೇ ಬಿದ್ದರೆ ಗುಡ್ಡದ ಕಥೆ ಮುಗಿದಂತೆ.

ಬಾಳವ್ವನಿಗೆ ಫಲಕದ ಪಾಠ ಗೊತ್ತಿತ್ತು. ತಮ್ಮ ಓಣಿಯ ಹೆಣ್ಣುಮಕ್ಕಳು ಅದರ ಮುಂದೆ ಕೂತದ್ದನ್ನು ನೋಡಿದ್ದಳು. ಪಾಠ ಅರ್ಧವಾಗುವಷ್ಟರಲ್ಲಿ ಮಾವನಿಗೆ ಚಹಾ, ಕೂಸಿಗೆ ಹಾಲು, ಆಮೇಲೆ ಫಲಕ ಗಂಡನ ಕೈಯಲ್ಲಿ. ಮನೆಯಲ್ಲಿ ಕೂತ ಹೆಣ್ಣನ್ನು ಮನೆ ಓದಗೊಡುವುದಿಲ್ಲ. ಕಸ್ತೂರಿ ಓದಿದ್ದು ಈ ಗುಡ್ಡ ಹತ್ತಿರ ಇದ್ದದ್ದಕ್ಕೆ, ಸಂಜೆಯ ಬಸ್ಸಿಗೆ ಮನೆ ಸೇರುತ್ತಾಳೆಂದು ಅವಳಪ್ಪ ಒಪ್ಪಿದ್ದಕ್ಕೆ.

ಮಟ್ಟಸವಾದ ಮರಳನ್ನು ನೋಡುತ್ತ ಬಾಳವ್ವನಿಗೆ ಇನ್ನೊಂದು ನೆನಪೂ ಬಂತು. ಅವಳು ಸಣ್ಣವಳಿದ್ದಾಗ ಊರ ಸಾಲೆಗೆ ಒಬ್ಬ ಮಾಸ್ತರರು ಬಂದಿದ್ದರು. ಹೊಲದಿಂದ ಬಂದ ಹುಡುಗಿಯರನ್ನು ಸಂಜೆ ಸಾಲೆಯ ಪಡಸಾಲೆಯಲ್ಲಿ ಕೂರಿಸಿ ಅಕ್ಷರ ತಿದ್ದಿಸುತ್ತಿದ್ದರು. ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಇದು ನಾನು ಶುರು ಮಾಡಿದ್ದಲ್ಲ ಎಂದರು. ಮರುದಿನ ಬಾಳವ್ವ ಪಾಟಿ ಹಿಡಿದು ಹೋದರೆ ಪಡಸಾಲೆಯಲ್ಲಿ ಅವರ ಕರು ಕಟ್ಟಿತ್ತು. ಕರು ಚಂದವಿತ್ತು, ಹಣೆಯ ಮೇಲೆ ಬಿಳಿ ಚುಕ್ಕಿ. ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಸ್ಸಿನ ಫಲಕ ಓದುವಷ್ಟು ಅಕ್ಷರ ಆಗಲೇ ಬಂದಿತ್ತು. ಅಲ್ಲಿಗೇ ನಿಂತಿತು.

ಅಂದು ಸಂಜೆ ಕಸ್ತೂರಿ ಊಟಕ್ಕೆ ಕೂತಳು. ರೊಟ್ಟಿ ಮುರಿದಳು, ಪಲ್ಯ ಮುಟ್ಟಲಿಲ್ಲ. ಮೊಸರು ಮಾತ್ರ ಎರಡನೇ ಸಲ ಹಾಕಿಸಿಕೊಂಡಳು.

"ಚಲೋ ಬಿದ್ದೈತಿ ಬೇ. ಊರಿಂದ ತಂದಿದ್ದೇನ ಹೆಪ್ಪು?"

"ಇಲ್ಲ. ಅಂಗಡಿಯವರ ಮನೀದು."

ಕಸ್ತೂರಿಯ ಕೈ ನಿಂತಿತು. "ಅವರ ಮನೀಗೆ ಹೋಗಿದ್ದೇನ? ನನ್ನ ಕೇಳದ? ಅಲ್ಲ ಬೇ, ಕುಲಪತಿಯ ತಾಯಿ ಬಟ್ಟಲಾ ಹಿಡಕೊಂಡು ಅವರ ಬಾಗಲಿಗೆ ನಿಂತಳು ಅಂತ ನಾಳೆ ಕ್ಯಾಂಟೀನಿನ್ಯಾಗ ನಗತಾರ."

"ನಗಲಿ. ನಗೋದ್ರಿಂದ ಮೊಸರ ಒಡೆಯೂದಿಲ್ಲ."

"ನಿನಗ ಎಲ್ಲಾ ಮೊಸರಿನಷ್ಟ ಸಸಾರ."

"ಹೌದಾ. ನಾ ಓದಿದಾಕಿ ಅಲ್ಲ. ಹೆಪ್ಪ ಬೇಕಿತ್ತು, ಇದ್ದವರ ಕಡೆ ಹೋದ್ನಿ. ತಿನ್ನಾಕ ಇಷ್ಟ ಇಲ್ಲಂದ್ರ ಬಿಡು, ಮುದಕಪ್ಪಗ ಕೊಡತೇನಿ."

ಕಸ್ತೂರಿ ತಟ್ಟೆ ಸರಿಸಿ ಎದ್ದಳು. ಕೈ ತೊಳೆದು ಕಿಟಕಿಯ ಹತ್ತಿರ ನಿಂತಳು. ಕಿಟಕಿಯಿಂದ ಕಾಣುತ್ತಿದ್ದದ್ದು ಅಂಗಡಿಯವರ ಕಾಲದ ಅರ್ಧ ಕಟ್ಟಡ. ಹಗಲು ದುಡಿಯುವ ಹೆಣ್ಣುಮಕ್ಕಳಿಗೆ ಸಂಜೆ ಕಾಲೇಜು, ರಾತ್ರಿ ಉಳಿಯಲು ಕೋಣೆಗಳು, ತೊಟ್ಟಿಲು ಕಟ್ಟಲು ಒಂದು ಪಡಸಾಲೆ ಎಂದು ಅದರ ನಕ್ಷೆಯಲ್ಲಿತ್ತು. ಕಂಬಗಳು ನಿಂತಿದ್ದವು, ಕಬ್ಬಿಣ ಮುಗಿಲು ನೋಡುತ್ತಿತ್ತು. ಕುರ್ಚಿಯಲ್ಲಿ ಕೂತ ಮೊದಲ ದಿನವೇ ಕಸ್ತೂರಿ ಅದನ್ನು ರದ್ದು ಮಾಡಿದ್ದಳು. ಕಾರಣವೂ ಇತ್ತು. ಅದು ನಿಂತದ್ದು ಎರೆಮಣ್ಣಿನ ಮೇಲೆ. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಮಣ್ಣು ಅದು, ಗೋಡೆ ಉಳಿಯುವುದಿಲ್ಲ. ಅದನ್ನು ಕಟ್ಟುವಾಗಲೇ ಅಂಗಡಿಯವರಿಗೆ ಪತ್ರ ಬರೆದು ಹೇಳಿದ್ದಳು, ಅವರು ಕೇಳಿರಲಿಲ್ಲ. ರದ್ದು ಮಾಡುವಾಗ ಒಳಗೊಳಗೆ ಒಂದು ಖುಷಿಯೂ ಆಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಹಳ ಹೊತ್ತು ನಿಂತು, ತಿರುಗಿ ಬಂದು ಮತ್ತೆ ಊಟಕ್ಕೆ ಕೂತಳು. "ಮೊಸರು ಹಾಕು," ಎಂದಳು. ಬಾಳವ್ವ ಹಾಕಿದಳು.

ಮರುದಿನ ಕಸ್ತೂರಿ ಮರಳಿನ ಮೇಜಿಗೆ ಹೊಸ ಯೋಜನೆ ಹಾಕಿದಳು. ವಿಜ್ಞಾನ ಕೇಂದ್ರ ಆಮೇಲೆ, ಮೊದಲು ಅಂಗಡಿಯವರ ಸಂಜೆ ಕಾಲೇಜು ಮುಗಿಸುವುದು. ಚಕ್ರ ತಿರುಗಿಸಿದಳು. ಅವಧಿ ಮುಗಿಯುವ ವರ್ಷಕ್ಕೆ ಸುಯ್ ಎಂದು ಎಲ್ಲ ಬಿತ್ತು.

"ಇದನ್ನೂ ನಂಬಲಿಲ್ಲಲ್ಲ," ಎಂದಳು ಬೇಸತ್ತು.

"ನಂಬೂದಿಲ್ರಿ ಮೇಡಂ. ಮಾಡತೇವಿ ಅನ್ನೋದನ್ನ ಈ ಗುಡ್ಡದ ಮ್ಯಾಲೆ ಅದು ಭಾಳ ಕೇಳೇತಿ," ಎಂದರು ನದಾಫ. ಮರಳಿನ ಮೇಲೆ ಅಂಗೈ ಆಡಿಸುತ್ತ ಯೋಚಿಸಿ ಹೇಳಿದರು, "ಇಷ್ಟು ವರ್ಷದಾಗ ಒಮ್ಮೆನೂ ಆಗದ್ದನ್ನ ಅದು ಆಗೂದಿಲ್ಲ ಅಂತ ತಿಳೀತೈತಿ. ಒಮ್ಮೆ ಖರೇನ ಆತಂದ್ರ, ಆಗೂದಿಲ್ಲ ಅನ್ನಾಕ ಅದಕ್ಕ ಬರೂದಿಲ್ಲ. ಆದ್ರ ಅಷ್ಟಕ್ಕ ಮರಳ ನಿಲ್ಲತೈತೋ ಇಲ್ಲೋ, ನನಗೂ ಗೊತ್ತಿಲ್ಲ."

ಯುಗಾದಿಗೆ ಇನ್ನೂ ಚಳಿಗಾಲ ಪೂರ್ತಿ ಇತ್ತು. ಕಸ್ತೂರಿ ತನ್ನ ಅಡಿಗಲ್ಲಿನ ಸಮಾರಂಭ ಬೇಡವೆಂದಳು. ಶಾಸಕರ ಆಪ್ತರು ಫೋನ್ ಮಾಡಿ, ಕಲ್ಲು ಕೆತ್ತಿಸಿ ಆಗಿದೆ, ಸಾಹೇಬರ ಹೆಸರಿದೆ ಎಂದರು. ಹಾಗಾದರೆ ಅವರ ಮನೆಗೇ ಕಳಿಸುತ್ತೇನೆ ಎಂದಳು. ಆ ಮಾತಿಗೆ ಅವಳು ಆಮೇಲೆ ಎಷ್ಟೋ ದಿನ ಸುಂಕ ಕಟ್ಟಬೇಕಾಯಿತು. ಸಮಾರಂಭದ ಪೆಂಡಾಲಿನ ದುಡ್ಡು ಮಾತ್ರ ಸಿಮೆಂಟಿಗೆ ಉಳಿಯಿತು.

ಆಮೇಲೆ ಅವಳು ತಾಯಿಯೊಂದಿಗೆ ಅಂಗಡಿಯವರ ಮನೆಗೆ ಹೋದಳು. ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಇಳಿಸಲಿಲ್ಲ.

"ಬರ್ರಿ ಕುಲಪತಿಗಳ. ಕೇಸ್ ಹಿಂದಕ್ಕ ತಗೋರಿ ಅಂತ ಕೇಳಾಕ ಬಂದಿದ್ರ, ಚಹಾ ಕುಡದು ಹೋಗ್ರಿ."

"ಕೇಸ್ ನಡೀಲಿ ಸರ್. ಅದು ನಿಮ್ಮ ಹಕ್ಕು. ನಿಮ್ಮ ಸಂಜೆ ಕಾಲೇಜು ಮುಗಸಬೇಕಂತ ಮಾಡೇನಿ. ನಕ್ಷೆ ನಿಮ್ಮ ಕಡೆ ಇದ್ದದ್ದ ಕೊಡ್ರಿ."

ಪೇಪರ್ ಇಳಿಯಿತು. "ಎರೆಮಣ್ಣು ಅಂದಿದ್ರಿ."

"ಈಗೂ ಎರೆಮಣ್ಣ ಸರ್. ಕಂಬದ ಬುಡಾ ಬಗದು, ಗಟ್ಟಿ ಕಲ್ಲು ಸಿಗೂತನಕ ಇಳಸಬೇಕು. ಅದು ನನಗ ಬರತೈತಿ. ತೊಟ್ಟಿಲ ಕಟ್ಟಾಕ ಪಡಸಾಲಿ ಬೇಕು ಅಂತ ನನಗ ಹೊಳೀತಿದ್ದಿಲ್ಲ. ಅದು ನಿಮಗ ಹೊಳದೈತಿ."

ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. "ಕಲ್ಲು?"

"ನಿಮ್ಮ ಹೆಸರಿನ ಕಲ್ಲು ಇದ್ದಲ್ಲೇ ಇರತೈತಿ. ನನ್ನದೇನೂ ಬ್ಯಾಡ."

"ಇವರ ಕಲ್ಲಿಗೂ ಮೊದಲ ಅಲ್ಲೊಂದು ಕಲ್ಲಿತ್ತು," ಎಂದು ಅಡುಗೆಮನೆಯ ಬಾಗಿಲಿನಿಂದ ಪ್ರಭಾವತಿ ಹೇಳಿದಳು.

"ಪ್ರಭಾ."

"ಏನ ಪ್ರಭಾ? ಬಟ್ಟೆ ಒಗಿಯೂದು ನಾ, ನನಗ ಗೊತ್ತಿರೂದಿಲ್ಲೇನ? ಇವರಿಗಿಂತ ಹಿಂದಿನವರು ಅಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ ಅಂತ ಕಲ್ಲು ಹಾಕಿದ್ರು. ಇವರು ಕೀಳಿಸಿ ಒಗದಿದ್ರು. ಚಲೋ ಕಲ್ಲು, ಸುಮ್ನ ಯಾಕ ಅಂತ ನಾ ತರಿಸಿ ಹಿತ್ತಲದಾಗ ಬೋರಲ ಹಾಕೇನಿ."

ಎಲ್ಲರೂ ಹಿತ್ತಲಿಗೆ ಹೋದರು. ನಲ್ಲಿಯ ಕೆಳಗೆ ಒಗೆಯುವ ಕಲ್ಲು, ಸಾಬೂನಿಗೆ ಬೆಳ್ಳಗಾಗಿತ್ತು. ಮುದಕಪ್ಪ ಹಾರೆ ಹಾಕಿ ಮಗುಚಿದ. ಕೆಸರಿನೊಳಗಿಂದ ಅಕ್ಷರ ಎದ್ದವು. ಬಾಳವ್ವ ಬಗ್ಗಿ, ಬೆರಳಿನಿಂದ ಕೆಸರು ಒರೆಸುತ್ತ ಒಂದೊಂದೇ ಕೂಡಿಸಿ ಓದಿದಳು. "ಮ... ಹಿ... ಳಾ." ಅಲ್ಲಿಗೆ ಉಸಿರು ತೆಗೆದುಕೊಂಡಳು.

ಅಂಗಡಿಯವರು ಕಲ್ಲಿನ ಅಂಚಿನ ಸಾಬೂನು ಕೆರೆದರು. "ಒಗ್ಯಾಕ ಬ್ಯಾರೆ ಕಲ್ಲ ತರಬೇಕಾತು," ಎಂದರು. ಒಳಗೆ ಹೋಗಿ ನಕ್ಷೆಯ ಕೊಳವೆ ತಂದು ಕಸ್ತೂರಿಯ ಕೈಗಿಟ್ಟರು. "ಕೇಸ್ ಹಿಂದಕ್ಕ ತಗೊಳ್ಳೂದಿಲ್ಲ."

"ತಿಳೀತ್ರಿ ಸರ್."

ಆ ಚಳಿಗಾಲ ಗುಡ್ಡದ ಮೇಲೆ ಹಾರೆಯ ಸದ್ದು ನಿಲ್ಲಲಿಲ್ಲ. ಕಸ್ತೂರಿ ಗುಂಡಿಯೊಳಗೆ ತಾನೇ ಇಳಿದು ಮಣ್ಣು ಮುಟ್ಟಿ ನೋಡುತ್ತಿದ್ದಳು. ಕರಿಮಣ್ಣು ಮುಗಿದು ಜಲ್ಲಿಯಂಥ ಗರಸು ಬಂತು, ಗರಸು ಮುಗಿದು ಕಲ್ಲು ಖಣ್ ಎಂದಿತು. ಅಂಗಡಿಯವರು ಮೊದಲು ದೂರದ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. ಆಮೇಲೆ ಕುರ್ಚಿ ತರಿಸಿಕೊಂಡರು. ಆಮೇಲೆ ಗಾರೆಯವರೊಂದಿಗೆ ಜಗಳಕ್ಕೇ ನಿಂತರು. ಕೋರ್ಟಿನ ತಾರೀಖು ಇದ್ದ ದಿನ ಮಾತ್ರ ಬರುತ್ತಿರಲಿಲ್ಲ. ಒಗೆಯುವ ಕಲ್ಲು ಬಾಗಿಲ ಎಡಕ್ಕೆ, ಅಂಗಡಿಯವರ ಕಲ್ಲು ಬಲಕ್ಕೆ ನಿಂತವು.

ಮಾಳಿಗೆ ಹಾಕುವ ದಿನ ಮೇಸ್ತ್ರಿ ಕೇಳಿದ, "ಮೇಡಂ, ಮ್ಯಾಲಿನ ಕಬ್ಬಿಣ ಕೊಯ್ದು ಚೊಕ್ಕ ಮಾಡ್ಲೇನ್ರಿ?" ಆ ಸೀಮೆಯಲ್ಲಿ ಮನೆ ಕಟ್ಟುವವರು ಮಾಳಿಗೆಯ ಮೇಲೆ ಕಂಬದ ಕಬ್ಬಿಣ ಬಿಟ್ಟಿರುತ್ತಾರೆ, ಮುಂದೆ ಮಕ್ಕಳು ಮೇಲೊಂದು ಅಂತಸ್ತು ಏರಿಸಲಿ ಎಂದು. ಸರಕಾರಿ ಕಟ್ಟಡಕ್ಕೆ ಯಾರೂ ಬಿಡುವುದಿಲ್ಲ. ಉದ್ಘಾಟನೆಯ ಫೋಟೋ ಕೆಡುತ್ತದೆ. ಕಸ್ತೂರಿ ಕಬ್ಬಿಣ ನೋಡಿದಳು, ಕೆಳಗಿನ ಗಟ್ಟಿ ಕಲ್ಲು ನೆನೆದಳು. "ಬ್ಯಾಡ. ಬಿಡು," ಎಂದಳು.

ಬಾಗಿಲಿಗೆ ಬಣ್ಣ ಆಗುವ ಮೊದಲೇ ಸಂಜೆ ತರಗತಿ ಶುರುವಾಯಿತು. ಹತ್ತಿ ಬಿಡಿಸಿ ಬಂದವರು, ಅಂಗನವಾಡಿಯಲ್ಲಿ ದುಡಿದು ಬಂದವರು. ಪಡಸಾಲೆಯಲ್ಲಿ ತೊಟ್ಟಿಲು ತೂಗಿದವು. ಬಾಳವ್ವ ತೂಗಲೆಂದು ಹೋದವಳು ಮೂಲೆಯ ಅಕ್ಷರದ ತರಗತಿಯಲ್ಲಿ ಕೂತುಬಿಟ್ಟಳು. ಅಲ್ಲಿ ಕಲಿಸುತ್ತಿದ್ದದ್ದು ಅಂಗಡಿಯವರು.

"ಬಾಳವ್ವಾರ, ಒತ್ತಕ್ಷರ ತಪ್ಪಿತು."

"ಇಷ್ಟ ವರ್ಷ ಕಾದೈತಿ, ಇನ್ನೊಂದ ದಿನ ಕಾಯತೈತಿ ತಗೋರಿ."

ಯುಗಾದಿ ಕಳೆದು ಸಮಿತಿ ಬಂತು. ಅದರ ಅಧ್ಯಕ್ಷೆ ಕಡಿಮೆ ಮಾತಿನ ಹೆಂಗಸು, ರಾಜಧಾನಿಯಲ್ಲಿ ಇಂಥ ಎಷ್ಟೋ ಬಾಗಿಲು ಮುಚ್ಚಿಸಿದವರು. ಎಲ್ಲರೂ ಮರಳಿನ ಕೋಣೆಯಲ್ಲಿ ಸೇರಿದರು. ಬಾಳವ್ವ ಗೋಡೆಗೆ ಒರಗಿ ನಿಂತಿದ್ದಳು. ನದಾಫರು ಚಕ್ರ ತಿರುಗಿಸಿದರು. ಮುಗಿದ ಸಂಜೆ ಕಾಲೇಜನ್ನು, ಅದರ ತಲೆಯ ಮೇಲಿನ ಕಬ್ಬಿಣವನ್ನೂ ಸೇರಿಸಿ, ಅವರು ಆಗಲೇ ಯಂತ್ರಕ್ಕೆ ಉಣಿಸಿದ್ದರು.

ಗುಡ್ಡ ಎದ್ದಿತು. ಸಂಜೆ ಕಾಲೇಜು ಎದ್ದಿತು. ವಿಜ್ಞಾನ ಕೇಂದ್ರದ ಗೋಡೆಗಳು ಎದ್ದವು. ವರ್ಷಗಳು ಸರಿದು ಕಸ್ತೂರಿಯ ಅವಧಿಯ ಕೊನೆ ಬಂತು. ಸುಯ್ ಎಂಬ ಸದ್ದು ಬಂದೇ ಬಂತು. ವಿಜ್ಞಾನ ಕೇಂದ್ರ ಜಾರಿ ಅರ್ಧಕ್ಕಿಳಿಯಿತು. ಪ್ರಯೋಗಾಲಯಗಳು ಕರಗಿದವು. ಕಸ್ತೂರಿ ಕಣ್ಣು ಮುಚ್ಚಿಕೊಂಡಳು.

"ಕಸ್ತೂರಿ, ನೋಡು," ಎಂದಳು ಬಾಳವ್ವ.

ಸಂಜೆ ಕಾಲೇಜು ಬಿದ್ದಿರಲಿಲ್ಲ. ಅಂಚಿನ ಮರಳು ಉದುರಿತು, ನಡು ನಿಂತಿತ್ತು. ನದಾಫರು ಚಕ್ರವನ್ನು ಇನ್ನಷ್ಟು ಮೆಲ್ಲಗೆ ತಿರುಗಿಸಿದರು. ಆಗ ಅದರ ತಲೆಯ ಮೇಲೆ ಮರಳು ಮಿಸುಕಿತು, ಎಳೆಯ ಕರು ಏಳಲು ಮಂಡಿಯೂರಿ ತಡವರಿಸಿದ ಹಾಗೆ. ಏಳಲೋ ಬೇಡವೋ ಎಂದು ತಡೆದು, ಕೊನೆಗೆ ಎದ್ದು ನಿಂತಿತು. ಮೇಲೊಂದು ಅಂತಸ್ತು. ಅರ್ಧಕ್ಕಿಳಿದಿದ್ದ ವಿಜ್ಞಾನ ಕೇಂದ್ರವೂ ಇನ್ನೊಂದು ಆಕಾರದಲ್ಲಿ ನಿಧಾನ ಬೆಳೆಯತೊಡಗಿತು.

ಅಧ್ಯಕ್ಷೆ ಬಗ್ಗಿ ನೋಡಿದರು. "ಮೇಲಿನ ಅಂತಸ್ತು ನಿಮ್ಮ ಯೋಜನೆಯಲ್ಲಿ ಇಲ್ಲವಲ್ಲ."

"ಇಲ್ಲ," ಎಂದಳು ಕಸ್ತೂರಿ.

"ಮತ್ತೆ ಇದನ್ನು ಹಾಕಿದವರು ಯಾರು?"

ನದಾಫರು ಮುಂದೆ ಬಂದರು. "ಮುಂದ ಬರೋರು ಮೇಡಂ. ಅವರ ಹೆಸರು ನಮಗ ಗೊತ್ತಿಲ್ಲ."

ಅಧ್ಯಕ್ಷೆ ಮೇಜಿನ ಸುತ್ತ ಒಂದು ಸಲ ನಡೆದರು. ಸಂಜೆ ಕಾಲೇಜು ನೋಡಬೇಕೆಂದರು. ನೋಡಿದರು, ತೊಟ್ಟಿಲ ಪಡಸಾಲೆಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ರಾಜಧಾನಿಗೆ ಹಿಂತಿರುಗಿದರು. ಗುಡ್ಡದ ಬಾಗಿಲು ಮುಚ್ಚಬೇಕಿಲ್ಲ, ಮುಂದಿನ ಕುಲಪತಿಯ ಕಾಲದಲ್ಲಿ ಮತ್ತೆ ನೋಡುವುದು ಎಂಬ ಆದೇಶ ಮುಂಗಾರಿನ ಮೊದಲ ಹನಿಗಳ ಜೊತೆಗೆ ಬಂತು. ಅಂಗಡಿಯವರ ಕೇಸು ಆ ವರ್ಷವೇ ಬಿದ್ದುಹೋಯಿತು. ಅವರು ಮೇಲ್ಮನವಿ ಹಾಕುತ್ತೇನೆನ್ನುತ್ತ ಅಕ್ಷರ ಕಲಿಸುತ್ತಲೇ ಇದ್ದರು.

ಕಸ್ತೂರಿಯ ಅವಧಿ ಮುಗಿದ ಮೇಲೆ ತಾಯಿ ಮಗಳು ಗುಡ್ಡದ ಬುಡದಲ್ಲಿ ಬಾಡಿಗೆ ಮನೆ ಹಿಡಿದರು. ವಿಜ್ಞಾನ ಕೇಂದ್ರ ಅರ್ಧಕ್ಕೇ ಉಳಿದಿತ್ತು. ಮರಳು ಹೇಳಿದ ಹಾಗೆಯೇ. ಹೊಸ ಕುಲಪತಿ ಕರಾವಳಿಯ ಕಡೆಯವರಂತೆ, ಫೆಲಿಕ್ಸ್ ಲೋಬೊ ಎಂದು ಹೆಸರಂತೆ ಎಂಬಷ್ಟು ಸುದ್ದಿ ಮುದಕಪ್ಪನಿಂದ ಬಂದಿತ್ತು. ಕಲ್ಲು ಎಲ್ಲಿ ಹಾಕುತ್ತಾರೋ ಎಂದು ಕಸ್ತೂರಿ ಬಾಯಿಬಿಟ್ಟು ಕೇಳಲಿಲ್ಲ. ದಿನಕ್ಕೆ ಹತ್ತು ಸಲ ಗುಡ್ಡದ ಕಡೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಮುದಕಪ್ಪ ಹಲ್ಲು ಬಿಡುತ್ತ ನಿಂತಿದ್ದ. ಅವನ ಮುಂದೆ ಒಬ್ಬ ಎತ್ತರದ ಗಂಡಸು, ಕೈಯಲ್ಲಿ ಬಟ್ಟಲು, ಬಟ್ಟಲಿನಲ್ಲಿ ಬೆಲ್ಲ.

"ನಮಸ್ಕಾರ ಅಮ್ಮ. ನಾನು ಲೋಬೊ. ಇಲ್ಲಿ ಹೀಗೊಂದು ಕ್ರಮ ಉಂಟಂತೆ, ಪ್ರಭಾವತಿಯಮ್ಮ ಹೇಳಿದರು. ಮೊಸರಿಗೆ ಸ್ವಲ್ಪ ಹೆಪ್ಪು ಸಿಗಬಹುದಾ?"

"ಬರ್ರಿ, ಒಳಗ ಬರ್ರಿ," ಎಂದಳು ಬಾಳವ್ವ. "ಹಾಲ ಬೆಚ್ಚಗಿರಬೇಕು, ಸುಡಬಾರ್ದು. ಈಗ ಥಂಡಿ ಐತಿ, ಒಲಿ ಬಾಜೂಕ ಇಡ್ರಿ."

ಒಳಗಿನಿಂದ ಬಂದ ಕಸ್ತೂರಿಯನ್ನು ನೋಡಿ ಅವರು ಕೈ ಮುಗಿದರು. ಸುತ್ತು ಮಾತು ಅವರಿಗೆ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಬಟ್ಟಲು ಕೈಯಲ್ಲಿ ಹಿಡಿದೇ ಬಾಗಿಲಾಚೆ ಗುಡ್ಡದ ಕಡೆ ತೋರಿಸಿದರು.

"ಮೇಡಂ, ಸಂಜೆ ಕಾಲೇಜಿನ ಮಾಳಿಗೆಯ ಮೇಲೆ ಕಬ್ಬಿಣ ಬಿಟ್ಟಿದ್ದೀರಲ್ಲ. ಅಡಿಪಾಯ ಎಲ್ಲಿಯವರೆಗೆ ಹೋಗಿದೆ?"

ಕಸ್ತೂರಿ ತಾಯಿಯ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ನಕ್ಷೆಯ ಕೊಳವೆಯನ್ನು ತೆಗೆದುಕೊಂಡಳು.

"ಕಲ್ಲಿನ ತನಕ ಇಳಸೀವಿ," ಎಂದಳು. "ಕೂಡ್ರಿ, ತೋರಸತೇನಿ."